ರೀಗಾ ನೋಡಲು ರೀಗಾದವರೇ ಬೇಕು: ಒಬ್ಬ ಗೈಡ್ ಮೇಡಂ ಬಗ್ಗೆ

ಲಾಟ್ವಿಯಾಕ್ಕೆ ಹೋಗುವವರು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ರಾಜಧಾನಿ ರೀಗಾದಲ್ಲಿ ಸ್ವಲ್ಪ ಕಡಿಮೆ ಬಾಡಿಗೆಯ ರೂಮು ಹಿಡಿಯಿರಿ. ಉಳಿದ ದುಡ್ಡಿನಲ್ಲಿ ಆ ಊರಿನವರೇ ಒಬ್ಬರನ್ನು ಗೈಡ್ ಆಗಿ ಕರೆದುಕೊಳ್ಳಿ.

ನಮಗೆ ಸಿಕ್ಕವರು ಅರವತ್ತರ ಹತ್ತಿರದ ಹೆಂಗಸು. ಮೊದಲು ಶಾಲೆಯಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದರಂತೆ. ಈಗ ಕಂಪನಿ, ಏಜೆಂಟು ಯಾವುದೂ ಇಲ್ಲದೆ ತಾವೊಬ್ಬರೇ ಈ ಕೆಲಸ ಮಾಡುತ್ತಾರೆ. ಪಟ್ಟಣಕ್ಕೆ ಒಂದು ದಿನ, ಹಳ್ಳಿಗೆ ಒಂದು ದಿನ. ತಲೆಗೆ ದಿನಕ್ಕೆ 60 ಯೂರೊ. ಊಟ, ರೈಲಿನ ಖರ್ಚು ನಮ್ಮದೇ. ನಮ್ಮ ಲೆಕ್ಕದಲ್ಲಿ ಇದು ಸಣ್ಣ ಮೊತ್ತ ಏನಲ್ಲ. ಆದರೂ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಅವರ ಹೆಸರು ಎಲ್ಲರೆದುರು ಬರೆಯುವುದು ಸರಿಯಲ್ಲ, ಹಾಗಾಗಿ ಗೈಡ್ ಮೇಡಂ ಅಂತಲೇ ಕರೆಯುತ್ತೇನೆ.

ನಾನು ಸೋಮವಾರಪೇಟೆ ಕಡೆಯವಳು. ಕಾಫಿ, ಮೆಣಸು ಇದೆ, ತೋಟದ ಮನೆಯಲ್ಲೇ ಹೋಂಸ್ಟೇ ನಡೆಸುತ್ತೇವೆ. ಮಗಳು ರೀಗಾದಲ್ಲಿ ಓದುತ್ತಿದ್ದಾಳೆ. ಮಳೆ ಹಿಡಿದ ಮೇಲೆ ನಮ್ಮಲ್ಲಿಗೆ ಬರುವವರು ಕಡಿಮೆ, ಹಾಗಾಗಿ ನಾನೂ ನನ್ನ ಯಜಮಾನರೂ ಜೂನ್‌ನಲ್ಲಿ ಹೊರಟೆವು. ಬಂದವರಿಗೆ ಊರು ತೋರಿಸುವುದು ನನ್ನ ಕೆಲಸವೂ ಹೌದು, ಅದಕ್ಕೇ ಈ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಕೊಡಗಿಗೆ ಬರುವವರ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ರಾಜಾಸೀಟು, ಅಬ್ಬಿ ಫಾಲ್ಸ್, ದುಬಾರೆ. ಮೂರೂ ಮುಗಿಸಿ, ಫೋಟೊ ತೆಗೆದು ಹೋಗುತ್ತಾರೆ. ಇಲ್ಲಿ ಮನೆಗಳು ಯಾಕೆ ಇಷ್ಟು ದೂರ ದೂರ, ಮಳೆಗಾಲದಲ್ಲಿ ನಾವು ಏನು ತಿನ್ನುತ್ತೇವೆ, ಹುತ್ತರಿಗೆ ಏನು ಹಾಡುತ್ತೇವೆ, ಇದನ್ನೆಲ್ಲ ಕೇಳುವವರು ಅಪರೂಪ. ಹೇಳುವ ಗೈಡುಗಳು ಇನ್ನೂ ಅಪರೂಪ. ಜನ ಹೇಗೆ ಬದುಕುತ್ತಾರೆ ಅನ್ನುವುದು ಗೊತ್ತಾಗದೆ ಊರು ನೋಡಿದ್ದು ಹೇಗಾಗುತ್ತದೆ?

ಗೈಡ್ ಮೇಡಂ ಸಿಗುವ ಮೊದಲು ನಾವು ಅಲ್ಲಿ ಒಂದು ಗುಂಪಿನ ಟೂರಿಗೂ ಹೋಗಿದ್ದೆವು. ಹಳೇ ಪಟ್ಟಣದಲ್ಲಿ ಎರಡು ಗಂಟೆ ಸುತ್ತು. ಬ್ಲ್ಯಾಕ್‌ಹೆಡ್ಸ್ ಎಂಬ ಹಳೇ ವ್ಯಾಪಾರಿ ಸಂಘದ ಮನೆ, ಮಾಡಿನ ಮೇಲೆ ಬೆಕ್ಕು ನಿಂತಿರುವ ಮನೆ, ಡೋಮ್ ಚರ್ಚು. 1201ರಲ್ಲಿ ಬಿಷಪ್ ಆಲ್ಬರ್ಟ್ ಊರು ಕಟ್ಟಿದ್ದು, 1941ರ ಯುದ್ಧದಲ್ಲಿ ಬ್ಲ್ಯಾಕ್‌ಹೆಡ್ಸ್ ಮನೆ ಹಾಳಾಗಿದ್ದು, 1999ರಲ್ಲಿ ಮತ್ತೆ ಎದ್ದು ನಿಂತಿದ್ದು, ಎಲ್ಲ ಹೇಳಿದರು. ತಪ್ಪೇನೂ ಇಲ್ಲ. ಆದರೆ ಅದೆಲ್ಲ ಪುಸ್ತಕದಲ್ಲೂ ಇದೆ. ಪಕ್ಕದಲ್ಲಿ ನಡೆದು ಹೋಗುವ ಹೆಂಗಸಿನ ಬುಟ್ಟಿಯಲ್ಲಿ ಓಕ್ ಎಲೆ ಯಾಕಿದೆ ಎಂದು ನಾನು ಕೇಳಿದೆ. ಆ ಹುಡುಗ ಆಮೇಲೆ ಹೇಳ್ತೀನಿ ಎಂದವನು ಕೊನೆಗೂ ಹೇಳಲಿಲ್ಲ.

ಗೈಡ್ ಮೇಡಂ ಹಳೇ ಪಟ್ಟಣದಿಂದ ಶುರು ಮಾಡಲೇ ಇಲ್ಲ. ಬೆಳಗ್ಗೆ ಎಂಟಕ್ಕೆ ಸೆಂಟ್ರಲ್ ಮಾರ್ಕೆಟ್ಟಿಗೆ ಬರಹೇಳಿದರು, ತಿಂಡಿ ತಿನ್ನದೆ ಬನ್ನಿ ಎಂದರು.

ಈ ಮಾರ್ಕೆಟ್ಟಿನ ಬಗ್ಗೆ ಸ್ವಲ್ಪ ಬರೆಯಲೇಬೇಕು. ಸಾಲಾಗಿ ನಿಂತ ಐದು ದೊಡ್ಡ ಕಮಾನಿನ ಕಟ್ಟಡಗಳು. ಮೊದಲನೇ ಮಹಾಯುದ್ಧದಲ್ಲಿ ಜರ್ಮನರು ಜೆಪ್ಲಿನ್ ಎಂಬ ಭಾರೀ ಹಾರುಹಡಗುಗಳನ್ನು ನಿಲ್ಲಿಸಲು ಶೆಡ್ಡು ಕಟ್ಟಿದ್ದರಂತೆ. ಅದರ ಕಬ್ಬಿಣದ ಚೌಕಟ್ಟು ತಂದು 1924ರಿಂದ 1930ರ ನಡುವೆ ಈ ಮಾರ್ಕೆಟ್ ಕಟ್ಟಿದರು. ಮಾಂಸಕ್ಕೆ ಒಂದು, ಮೀನಿಗೆ ಒಂದು, ಹಾಲು ಮೊಸರಿಗೆ ಒಂದು, ತರಕಾರಿಗೆ ಒಂದು, ಉಳಿದ ತಿನಿಸಿಗೆ ಒಂದು. ಒಳಗೆ ಹೋದರೆ ಮಾತು ಕಡಿಮೆ. ನಮ್ಮ ಸೋಮವಾರದ ಸಂತೆಯ ಕೂಗಾಟ ಇಲ್ಲ. ವ್ಯಾಪಾರಿ ಸುಮ್ನೆ ನಿಂತಿರುತ್ತಾರೆ, ನೀವು ಕೇಳಿದರೆ ತೂಗುತ್ತಾರೆ.

ನನ್ನ ಯಜಮಾನರಿಗೆ ಇದು ಮುಖ ಗಂಟು ಹಾಕಿದ ಹಾಗೆ ಕಂಡಿತು. ಮೇಡಂ ಅಲ್ಲೇ ಹೇಳಿದರು: ಇಲ್ಲಿ ಗುರುತಿಲ್ಲದವರನ್ನು ನೋಡಿ ನಗುವುದಿಲ್ಲ, ಅದು ಕೋಪ ಅಲ್ಲ. ನಗು ಗುರುತು ಇದ್ದವರಿಗೆ. ಬಸ್ಸಲ್ಲಿ ಪಕ್ಕದ ಸೀಟಿನವರನ್ನು ಎಲ್ಲಿಂದ ಬಂದಿರಿ, ಮದುವೆ ಆಗಿದೆಯಾ ಎಂದು ಕೇಳಬೇಡಿ. ಅವರು ನಿಮ್ಮನ್ನು ಸುಮ್ಮನೆ ಬಿಡುವುದೇ ಅವರ ಮರ್ಯಾದೆ. ಈ ಒಂದು ಮಾತು ತಿಳಿದ ಮೇಲೆ ಉಳಿದ ದಿನಗಳೆಲ್ಲ ಹಗುರಾದವು. ಮೊದಲೇ ಯಾರಾದರೂ ಹೇಳಿದ್ದರೆ ಮಗಳು ಆ ಊರಿಗೆ ಹೋದ ಹೊಸದರಲ್ಲಿ ಅಷ್ಟು ಕೊರಗುತ್ತಿರಲಿಲ್ಲ. 'ಅಮ್ಮ, ಇಲ್ಲಿ ಯಾರಿಗೂ ನಾನು ಇಷ್ಟ ಇಲ್ಲ' ಎಂದು ಫೋನಿನಲ್ಲಿ ಅಳುತ್ತಿದ್ದಳು.

ತಿಂಡಿ ಮಾರ್ಕೆಟ್ಟಿನಲ್ಲೇ ಆಯಿತು. ರೈ ಎಂಬ ಧಾನ್ಯದ ಬ್ರೆಡ್ಡಿನ ದೊಡ್ಡ ಕಪ್ಪು ಉಂಡೆಯಲ್ಲಿ ಅರ್ಧ ಕೊಂಡರು. ಕೈಯಲ್ಲಿ ಹಿಡಿದರೆ ಇಟ್ಟಿಗೆಯ ಭಾರ. ಮೇಲೆ ಗಟ್ಟಿ ಸಿಪ್ಪೆ, ಒಳಗೆ ಒದ್ದೆ ಒದ್ದೆ, ಸ್ವಲ್ಪ ಹುಳಿ, ಸ್ವಲ್ಪ ಸಿಹಿ, ಮಧ್ಯೆ ಜೀರಿಗೆ ಜಾತಿಯ ಒಂದು ಕಾಳು ಹಲ್ಲಿಗೆ ಸಿಗುತ್ತದೆ. ಕಿಮೆನೆಸ್ ಎಂದು ಅದರ ಹೆಸರು, ಅವರ ಅಡುಗೆಯಲ್ಲಿ ಎಲ್ಲೆಲ್ಲೂ ಅದೇ. ಬ್ರೆಡ್ ಮೇಲೆ ಹೆಂಪ್ ಎಂಬ ನಾರು ಗಿಡದ ಬೀಜ ಅರೆದು ಮಾಡಿದ ಬೂದು ಬಣ್ಣದ ಬೆಣ್ಣೆ ಹಚ್ಚಿದರು, ಹೊಗೆಯಲ್ಲಿ ಬೇಯಿಸಿದ ಮೀನಿನ ತುಂಡು ಇಟ್ಟರು. ಪಕ್ಕದ ಪೀಪಾಯಿಯಿಂದ ಹುಳಿ ಬಂದ ಕೋಸು ಒಂದು ಹಿಡಿ. ನನಗೆ ಬ್ರೆಡ್ಡೂ ಕೋಸೂ ತುಂಬಾ ಇಷ್ಟವಾಯಿತು. ಒಂದು ತುಂಡು ನನ್ನ ಕೈಯಿಂದ ಜಾರಿ ಬಿತ್ತು. ಮೇಡಂ ಬಗ್ಗಿ ಎತ್ತಿಕೊಂಡು, ತುಟಿಗೆ ಮುಟ್ಟಿಸಿ, ಬದಿಗಿಟ್ಟರು. ಅವರ ಅಜ್ಜಿ ಕಲಿಸಿದ್ದಂತೆ, ಬಿದ್ದ ಬ್ರೆಡ್ಡಿಗೆ ಮುತ್ತಿಡಬೇಕು. ನಾವು ಅನ್ನ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ ಅಲ್ವಾ, ನನಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಸಸ್ಯಾಹಾರಿಗಳಿಗೆ ಇಲ್ಲೇ ಒಂದು ಮಾತು. ಅವರ ಬೂದು ಬಟಾಣಿಯನ್ನು ಹಂದಿ ಕೊಬ್ಬಿನ ಜೊತೆ ಬಡಿಸುತ್ತಾರೆ, ಕೇಳಿ ತಿನ್ನಿ. ಆಲೂಗಡ್ಡೆ ತುರಿದು ಹುಯ್ಯುವ ದೋಸೆ, ಕ್ರೀಮಿನ ಅಣಬೆ, ರೈ ಬ್ರೆಡ್ ಪುಡಿ ಮಾಡಿ ಕ್ರೀಮು ಹಣ್ಣಿನ ಜೊತೆ ಪದರ ಹಾಕುವ ಸಿಹಿ, ಇವು ಎಲ್ಲ ಕಡೆ ಸಿಗುತ್ತವೆ. ಬೇಸಿಗೆಯಲ್ಲಿ ಬೀಟ್‌ರೂಟಿನ ಗುಲಾಬಿ ಬಣ್ಣದ ತಣ್ಣನೆ ಸೂಪು ಕೊಡುತ್ತಾರೆ, ಅದರಲ್ಲಿ ಮೊಟ್ಟೆ ಇರುತ್ತದೆ. ಖಾರ ಎಲ್ಲೂ ಇಲ್ಲ.

ಮಾರ್ಕೆಟ್ ಆದ ಮೇಲೆ ಸ್ವಾತಂತ್ರ್ಯ ಸ್ಮಾರಕ. 1935ರಲ್ಲಿ ಜನರ ಚಂದಾ ಹಣದಲ್ಲಿ ಕಟ್ಟಿದ್ದು, 42 ಮೀಟರ್ ಎತ್ತರ. ತುದಿಯಲ್ಲಿ ಒಬ್ಬಳು ಹೆಣ್ಣು ಮೂರು ನಕ್ಷತ್ರ ಎತ್ತಿ ಹಿಡಿದಿದ್ದಾಳೆ. ಕುರ್ಜೆಮೆ, ವಿಡ್ಜೆಮೆ, ಲಾಟ್ಗಾಲೆ ಎಂಬ ಮೂರು ಸೀಮೆಗಳ ಗುರುತು ಅದು. ಬುಡದಲ್ಲಿ ಯಾವಾಗಲೂ ಹೂ ಇರುತ್ತದೆ. ಸೋವಿಯತ್ ಕಾಲದಲ್ಲಿ ಅಲ್ಲಿ ಹೂ ಇಟ್ಟರೆ ಪೊಲೀಸರು ಹಿಡಿದುಕೊಂಡು ಹೋಗುತ್ತಿದ್ದರಂತೆ.

ಇಲ್ಲಿ ಮೇಡಂ ತಮ್ಮ ಮನೆಯ ಕಥೆ ಹೇಳಿದರು. 1949ರ ಮಾರ್ಚ್ 25ರಿಂದ ಕೆಲವೇ ದಿನಗಳಲ್ಲಿ ಸೋವಿಯತ್ ಸರ್ಕಾರದವರು ಲಾಟ್ವಿಯಾದಿಂದ 42,000ಕ್ಕೂ ಹೆಚ್ಚು ಜನರನ್ನು ರೈಲಿಗೆ ತುಂಬಿ ಸೈಬೀರಿಯಾಕ್ಕೆ ಸಾಗಿಸಿದರು. ಜಾಸ್ತಿ ಹೆಂಗಸರು, ಮಕ್ಕಳು. ಅವರ ತಾಯಿಗೆ ಆಗ ಹತ್ತು ವರ್ಷ. ಮನೆಯಲ್ಲಿ ದನ, ಜಮೀನು ಇದ್ದದ್ದೇ ತಪ್ಪು. ಹಸು ಹಾಲು ಕರೆಯದೆ ಕೂಗುತ್ತಿದ್ದದ್ದು ತಾಯಿಗೆ ಕೊನೆಯವರೆಗೂ ನೆನಪಿತ್ತಂತೆ. 1956ರಲ್ಲಿ ವಾಪಸ್ ಬಂದಾಗ ಮನೆಯಲ್ಲಿ ಬೇರೆಯವರಿದ್ದರು. ಮೇಡಂ ಇದನ್ನು ದನಿ ಏರಿಸದೆ, ಕಣ್ಣೀರೂ ಹಾಕದೆ ಹೇಳಿದರು. ಆಮೇಲೆ 1989ರ ಆಗಸ್ಟ್ 23ರ ಸಂಜೆ ಏಳಕ್ಕೆ ತಾವು ಸೇಸಿಸ್ ಊರಿನ ಹತ್ತಿರ ರಸ್ತೆಯಲ್ಲಿ ಗುರುತಿಲ್ಲದವರ ಕೈ ಹಿಡಿದು ನಿಂತದ್ದನ್ನು ಹೇಳಿದರು. ಎಸ್ಟೋನಿಯಾದ ಟಾಲಿನ್‌ನಿಂದ ರೀಗಾ ದಾಟಿ ಲಿಥುವೇನಿಯಾದ ವಿಲ್ನಿಯಸ್‌ವರೆಗೆ, 600 ಕಿಲೋಮೀಟರಿಗೂ ಉದ್ದ, ಸುಮಾರು 20 ಲಕ್ಷ ಜನ ಸೋವಿಯತ್ ಆಳ್ವಿಕೆಯಿಂದ ಬಿಡುಗಡೆ ಬೇಕು ಎಂದು ಹೀಗೆ ಸಾಲಾಗಿ ನಿಂತಿದ್ದರು. ಆಗಿನ್ನೂ ಮೊಬೈಲು ಇಲ್ಲ. ರೇಡಿಯೋ ಕೇಳಿಕೊಂಡು ಯಾರು ಎಲ್ಲಿ ನಿಲ್ಲಬೇಕು ಎಂದು ಹೊಂದಿಸಿಕೊಂಡರಂತೆ. ಎರಡು ವರ್ಷ ಕಳೆದು 1991ರಲ್ಲಿ ದೇಶ ಪೂರ್ತಿ ಸ್ವತಂತ್ರವಾಯಿತು.

ಗುಂಪಿನ ಟೂರಿನಲ್ಲೂ ಇದೇ ಸ್ಮಾರಕ ತೋರಿಸಿದ್ದರು. ಎತ್ತರ ಹೇಳಿದ್ದರು, ಇಸವಿ ಹೇಳಿದ್ದರು. ನನಗೆ ಆ ಹೂಗಳ ಮೇಲೆ ಕಣ್ಣು ಹೋಗಿರಲೇ ಇಲ್ಲ.

ಒಂದು ಕಡೆ ಮಾತ್ರ ನನಗೆ ಸಮಾಧಾನ ಆಗಲಿಲ್ಲ. ಆ ದೇಶದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರ ಮನೆಮಾತು ರಷ್ಯನ್. ಮಾರ್ಕೆಟ್ಟಿನಲ್ಲಿ ನಮಗೆ ಕೋಸು ಕೊಟ್ಟ ಅಜ್ಜಿಯೂ ರಷ್ಯನ್ನಲ್ಲೇ ಮಾತಾಡಿದರು. ರಷ್ಯನ್ ಮಾತಾಡುವ ಈ ಜನರ ಬಗ್ಗೆ ಕೇಳಿದಾಗ ಮೇಡಂ ಎರಡು ಮಾತಿನಲ್ಲಿ ಮುಗಿಸಿಬಿಟ್ಟರು. ಮೇಡಂ ಮನೆಯವರು ಪಟ್ಟ ಕಷ್ಟ ಕೇಳಿದ ಮೇಲೆ ಯಾಕೆ ಎಂದು ಅರ್ಥವಾಗುತ್ತದೆ. ಆದರೆ ಮಗಳ ಸ್ನೇಹಿತೆಯೊಬ್ಬಳು ಅಂಥ ಮನೆಯವಳು, ಅಲ್ಲೇ ಹುಟ್ಟಿದವಳು, ಎರಡೂ ಭಾಷೆ ಆಡುವವಳು. ಅವಳ ಮನೆಯಲ್ಲಿ ಚಹಾ ಕುಡಿದಾಗ ಕೇಳಿದ ಕಥೆ ಬೇರೆಯದೇ ಇತ್ತು. ಊರಿನವರೇ ಊರು ತೋರಿಸುವಾಗ ಅವರು ನಿಂತ ಜಾಗದಿಂದಲೇ ತೋರಿಸುತ್ತಾರೆ. ಸಾಧ್ಯವಾದರೆ ಇಬ್ಬರ ಮಾತೂ ಕೇಳಿ.

ಮಧ್ಯಾಹ್ನ ದೌಗಾವಾ ನದಿಯ ಆಚೆ ದಡದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕರೆದುಕೊಂಡು ಹೋದರು. ಗಾಜಿನ ಬೆಟ್ಟದ ಆಕಾರದ ಕಟ್ಟಡ. 2014ರ ಜನವರಿಯಲ್ಲಿ ಹಳೇ ಕಟ್ಟಡದಿಂದ ಇಲ್ಲಿಯವರೆಗೆ ಸಾವಿರಾರು ಜನ ಚಳಿಯಲ್ಲಿ ಸಾಲಾಗಿ ನಿಂತು ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿದ್ದರಂತೆ. ಒಳಗೆ ಒಂದು ಮರದ ಬೀರು ಇದೆ. ಅದನ್ನು ನೋಡಲೆಂದೇ ಹೋಗಬೇಕು. ಕ್ರಿಷ್ಯಾನಿಸ್ ಬಾರೋನ್ಸ್ ಎಂಬವರು 1880ರಲ್ಲಿ ಮಾಡಿಸಿದ್ದು. ಸಣ್ಣ ಸಣ್ಣ ಡ್ರಾಯರುಗಳು, ಒಳಗೆ ಬೆರಳುದ್ದದ ಚೀಟಿಗಳು, ಎರಡು ಲಕ್ಷಕ್ಕೂ ಹೆಚ್ಚು. ಒಂದೊಂದು ಚೀಟಿಯಲ್ಲೂ ಒಂದು ಜನಪದ ಹಾಡು. ಅಲ್ಲಿನವರು ಅದನ್ನು ದೈನಾ ಅನ್ನುತ್ತಾರೆ. ಹೆಚ್ಚಿನವು ನಾಲ್ಕೇ ಸಾಲು. ಹಳ್ಳಿ ಹಳ್ಳಿಯಿಂದ ಜನ ಬರೆದು ಕಳಿಸಿದ್ದನ್ನು ಅವರು ವರ್ಷಗಟ್ಟಲೆ ಕೂತು ವಿಂಗಡಿಸಿದರು. ಹುಟ್ಟಿಗೆ, ಮದುವೆಗೆ, ಸಾವಿಗೆ, ರಾಗಿ ಬೀಸುವ ಹಾಗೆ ಅವರು ರೈ ಬೀಸುವಾಗ, ಎಲ್ಲಕ್ಕೂ ಹಾಡು. 2001ರಲ್ಲಿ ಯುನೆಸ್ಕೊ ಈ ಬೀರನ್ನು ಜಗತ್ತಿನ ನೆನಪಿನ ಪಟ್ಟಿಗೆ ಸೇರಿಸಿತು.

ನಾನು ಆ ಬೀರಿನ ಮುಂದೆ ಬಹಳ ಹೊತ್ತು ನಿಂತೆ. ನಮ್ಮಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಕೆಲಸದ ನಡುವೆ ಕೊಡವ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ತಂದರು. ಅವರಿಲ್ಲದಿದ್ದರೆ ಎಷ್ಟು ಹಾಡು ಉಳಿಯುತ್ತಿದ್ದವು? ಇದನ್ನು ಮೇಡಂಗೆ ಹೇಳಿದೆ. ಅವರು ಚೀಲದಿಂದ ಪುಟ್ಟ ಪುಸ್ತಕ ತೆಗೆದು ಹೆಸರು ಬರೆದುಕೊಂಡರು, ಇಸವಿಯನ್ನೂ ಬರೆದುಕೊಂಡರು. ಹೇಳುವುದರ ಜೊತೆ ಕೇಳುವ ಗೈಡು ನನಗೆ ಸಿಕ್ಕಿದ್ದು ಅದೇ ಮೊದಲು.

ಅವತ್ತು ಜೂನ್ 22. ಡೋಮ್ ಚರ್ಚಿನ ಮುಂದೆ ಹಬ್ಬದ ಸೊಪ್ಪು ಹೂವಿನ ಸಂತೆ. ಓಕ್ ಎಲೆಯ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು. 23ರ ರಾತ್ರಿ ಲೀಗೊ, 24 ಯಾನಿ, ಬೇಸಿಗೆ ನಡುವೆ ಬರುವ, ವರ್ಷದ ಅತಿ ದೊಡ್ಡ ಹಬ್ಬ. ಗಂಡಸರಿಗೆ ಓಕ್ ಎಲೆಯ ಕಿರೀಟ, ಹೆಂಗಸರಿಗೆ ಕಾಡು ಹೂವಿನದು. ಊರಿಗೆ ಊರೇ ಹಳ್ಳಿಗೆ ಹೊರಟುಬಿಡುತ್ತದೆ.

ಮಾರನೇ ದಿನ ನಾವೂ ರೈಲು ಹತ್ತಿ ಸೇಸಿಸ್ ಕಡೆ ಹೋದೆವು. ಮೇಡಂ ತಮ್ಮನ ಮನೆ. ಕಿಟಕಿಯಿಂದ ನೋಡುತ್ತಾ ಹೋದರೆ ಕಾಡು, ಮತ್ತೆ ಕಾಡು. ದೇಶದ ಅರ್ಧದಷ್ಟು ಕಾಡೇ ಇದೆ. ಸರ್ಕಾರದ ಕಾಡಿಗೆ ಯಾರು ಬೇಕಾದರೂ ಹೋಗಿ ಅಣಬೆ, ಹಣ್ಣು ಕಿತ್ತು ತರಬಹುದು. ಒಳ್ಳೆ ಅಣಬೆ ಏಳುವ ಜಾಗವನ್ನು ಮಾತ್ರ ಯಾರೂ ಯಾರಿಗೂ ಹೇಳುವುದಿಲ್ಲ. ಮಳೆ ಬಿದ್ದ ಮೇಲೆ ನಮ್ಮ ಕಡೆಯೂ ಅದೇ ಕಥೆ. ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಒಂದು ಮನೆ, ಸುತ್ತ ಅದರದೇ ಗದ್ದೆ, ತೋಟ, ಕೊಟ್ಟಿಗೆ. ಮುಂದಿನ ಮನೆಯ ಹೊಗೆ ಮಾತ್ರ ಕಾಣುತ್ತದೆ. ಬಯಲುಸೀಮೆಯ ಗೆಳತಿಯರು ನಮ್ಮ ಮನೆಗೆ ಬಂದು ಒಂಟಿತನ ಕಾಡಲ್ವಾ ಎಂದು ಕೇಳುತ್ತಾರೆ. ಇಲ್ಲಿ ಕೂತರೆ ನನ್ನ ಉತ್ತರ ಅವರಿಗೂ ತಿಳಿಯಬಹುದು.

ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಹೂ ಕೊಡುವುದಾದರೆ ಮೂರು, ಐದು, ಏಳು, ಹೀಗೆ ಬೆಸ ಸಂಖ್ಯೆಯಲ್ಲಿ ಕೊಡಬೇಕು. ಸರಿ ಸಂಖ್ಯೆಯ ಹೂ ಸಾವಿನ ಮನೆಗೆ. ಇದನ್ನು ಮೇಡಂ ಹಿಂದಿನ ದಿನವೇ ಹೇಳಿ, ಏಳು ಹೂ ಎಣಿಸಿ ಕೊಡಿಸಿದ್ದರು.

ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ಹಬ್ಬದ ಚೀಸ್ ಮಾಡುತ್ತಿದ್ದರು. ಇದು ನಾನು ಆ ದೇಶದಲ್ಲಿ ಕಂಡ ಅತಿ ಚಂದದ ಕೆಲಸ. ದೊಡ್ಡ ಪಾತ್ರೆಯಲ್ಲಿ ಹಾಲು ಬಿಸಿ ಮಾಡಿ, ಉಕ್ಕುವ ಮುಂಚೆ ನೀರು ಬಸಿದ ಗಟ್ಟಿ ಮೊಸರು ಹಾಕಿದರು. ನಿಧಾನವಾಗಿ ತಿರುಗಿಸುತ್ತಾ ಇದ್ದ ಹಾಗೆ ಹಾಲು ಒಡೆದು, ಹಸಿರು ಛಾಯೆಯ ತಿಳಿನೀರು ಬೇರೆಯಾಯಿತು. ಬಟ್ಟೆಯಲ್ಲಿ ಸೋಸಿ, ಉಳಿದ ಮುದ್ದೆಯನ್ನು ಬೆಣ್ಣೆ ಕರಗಿಸಿದ ಬಾಣಲೆಗೆ ಹಾಕಿ, ಮೊಟ್ಟೆ, ಉಪ್ಪು, ಕಿಮೆನೆಸ್ ಸೇರಿಸಿ ಕೈ ಬಿಡದೆ ಕಲಸಿದರು. ಹಳದಿ ಬಣ್ಣ ಬಂದು, ಬಾಣಲೆಗೆ ಅಂಟದೆ ಎದ್ದು ಬಂತು. ಬಿಸಿ ಇರುವಾಗಲೇ ಬಟ್ಟೆಗೆ ಸುರಿದು, ನಾಲ್ಕೂ ತುದಿ ಸೇರಿಸಿ ಬಿಗಿಯಾಗಿ ತಿರುಚಿ ಗಂಟು ಹಾಕಿ, ಮೇಲೆ ಕಲ್ಲು ಹೇರಿದರು. ಬಿಚ್ಚಿದಾಗ ಗಂಟಿನ ನಡುವಿನಿಂದ ಸುತ್ತ ಗೆರೆಗಳು ಹರಡಿದ್ದವು. ಸೂರ್ಯನ ಗುರುತು ಅದು. ಆ ಚೀಸು ಒಂದು ತುಂಡು, ಒಂದು ಗ್ಲಾಸು ಬಿಯರು. ಮನೆಯವರೆಲ್ಲ ಅಷ್ಟನ್ನೇ ಇಟ್ಟುಕೊಂಡು ರಾತ್ರಿ ಇಡೀ ಕೂತರು.

ರಾತ್ರಿ ಅಂದರೂ ಕತ್ತಲೆ ಎಲ್ಲಿದೆ? ಸೂರ್ಯ ಮುಳುಗಿದ್ದೇ ಹತ್ತು ಗಂಟೆ ಕಳೆದು. ಬೆಟ್ಟದ ಮೇಲೆ ಬೆಂಕಿ ಹಾಕಿದರು. ಪಕ್ಕದ ಮನೆಯವರು ಹಾಡುತ್ತಾ ಬಂದರು, ಪ್ರತಿ ಸಾಲಿನ ಕೊನೆಗೂ ಲೀಗೊ ಲೀಗೊ ಎಂದು ದನಿ ಎಳೆದು. ಬಂದವರು ಮನೆಯವರನ್ನು ಹಾಡಲ್ಲೇ ಕೆಣಕುತ್ತಾರೆ, ಮನೆಯವರು ಹಾಡಲ್ಲೇ ಉತ್ತರ ಕೊಡುತ್ತಾರೆ. ಹಗಲೆಲ್ಲ ಮಾತೇ ಆಡದಿದ್ದ ತಮ್ಮ, ಓಕ್ ಎಲೆ ತಲೆಗೆ ಸುತ್ತಿಕೊಂಡು ಎಲ್ಲರಿಗಿಂತ ಜೋರಾಗಿ ಹಾಡಿದರು. ನನ್ನ ಯಜಮಾನರನ್ನೂ ಕೈ ಹಿಡಿದು ಎಬ್ಬಿಸಿದರು. ಕೊನೆಗೆ ನಮ್ಮನ್ನೂ ಹಾಡಿ ಎಂದರು. ಮಗಳೂ ನಾನೂ ಸೇರಿ ಒಂದು ಸೋಬಾನೆ ಪದ ಹೇಳಿದೆವು. ಯಾರಿಗೂ ಒಂದಕ್ಷರ ಅರ್ಥವಾಗದಿದ್ದರೂ ಪೂರ್ತಿ ಮುಗಿಯುವವರೆಗೆ ಯಾರೂ ಅಲ್ಲಾಡಲಿಲ್ಲ.

ಕಾಫಿಯವಳಾಗಿ ಇದೊಂದು ಹೇಳದಿದ್ದರೆ ಆಗುವುದಿಲ್ಲ. ಬೆಳಗ್ಗೆ ಆ ಮನೆಯಲ್ಲಿ ಕಾಫಿ ಕೊಟ್ಟ ರೀತಿ: ಲೋಟಕ್ಕೆ ಪುಡಿ ಹಾಕಿ, ಮೇಲಿಂದ ಕುದಿನೀರು ಹುಯ್ದು, ಗಸಿ ಕೆಳಗೆ ಕೂರುವ ತನಕ ಕಾಯುವುದು. ಸೋಸುವುದೇ ಇಲ್ಲ. ನಾನು ಒಯ್ದಿದ್ದ ನಮ್ಮ ತೋಟದ ಅರೇಬಿಕಾ ಪುಡಿಯನ್ನೂ ಹಾಗೇ ಮಾಡಿ ಕುಡಿದೆವು. ಚಿಕೋರಿ ಇಲ್ಲದ ಪುಡಿ, ಹಾಲಿಲ್ಲದೆ, ಚೆನ್ನಾಗಿಯೇ ಇತ್ತು. ಈಗ ಮನೆಯಲ್ಲೂ ಒಮ್ಮೊಮ್ಮೆ ಮಾಡುತ್ತೇನೆ.

ಈ ಸೇವೆಯಲ್ಲಿ ಕೊರತೆಗಳೂ ಇವೆ. ಮೇಡಂ ನಡಿಗೆ ಬಹಳ ಜೋರು. ಹಳೇ ಪಟ್ಟಣದ ನೆಲವೆಲ್ಲ ಉಬ್ಬು ಕಲ್ಲು, ಮಂಡಿ ನೋವಿನವರಿಗೆ ಕಷ್ಟ. ಮೊದಲೇ ಹೇಳಿದರೆ ಟ್ರ್ಯಾಮ್ ಹತ್ತಿಸುತ್ತಾರೆ, ಹೇಳದಿದ್ದರೆ ಅವರಿಗೆ ಹೊಳೆಯುವುದಿಲ್ಲ. ಕೂತು ಊಟ ಮಾಡಲು ಬಿಡುವು ಕಡಿಮೆ ಕೊಡುತ್ತಾರೆ. ಆಲ್ಬರ್ಟ್ ಬೀದಿಯ ಆರ್ಟ್ ನೂವೊ ಎಂಬ ಅಲಂಕಾರ ಶೈಲಿಯ ಮನೆಗಳನ್ನು ಹದಿನೈದು ನಿಮಿಷದಲ್ಲಿ ದಾಟಿಸಿದರು, ನನಗೆ ಬೇಜಾರಾಯಿತು. ಗೋಡೆ ತುಂಬ ಮುಖಗಳು, ಸಿಂಹಗಳು, ಅದಕ್ಕೆ ಅರ್ಧ ದಿನ ಬೇಕು. ಮರುದಿನಗಳಲ್ಲಿ ನಾವೇ ಹೋಗಿ ನೋಡಿದೆವು. ಶಾಪಿಂಗ್ ಅವರ ಕೈಯಲ್ಲಿ ಆಗುವುದಿಲ್ಲ. ಉಣ್ಣೆಯ ಕೈಗವಸು ಕೊಳ್ಳುವಾಗ ಮಾತ್ರ ಯಾವ ವಿನ್ಯಾಸ ಯಾವ ಸೀಮೆಯದು ಎಂದು ತಾಳ್ಮೆಯಿಂದ ಹೇಳಿಕೊಟ್ಟರು. ಮೊದಲು ಮದುಮಗಳು ಪೆಟ್ಟಿಗೆ ತುಂಬ ಹೆಣೆದು ಗಂಡನ ಮನೆಯವರಿಗೆಲ್ಲ ಹಂಚಬೇಕಿತ್ತಂತೆ.

ಇನ್ನೊಂದು, ಅವರು ತಾವಾಗಿಯೇ ಮಾತು ಶುರು ಮಾಡುವುದು ಕಡಿಮೆ. 'ಟೀಚರ್ ಥರ ಅಷ್ಟೇ ಅಮ್ಮ, ಕೇಳಿದ್ರೆ ಹೇಳ್ತಾರೆ' ಎಂದಳು ಮಗಳು. ಅದು ಸರಿ. ಸುಮ್ನೆ ಹಿಂದೆ ನಡೆದರೆ ಅರ್ಧ ದುಡ್ಡು ದಂಡ. ಅಡುಗೆ, ಮದುವೆ, ಜಮೀನು, ಸಂಬಳ, ಏನು ಬೇಕಾದರೂ ಕೇಳಿ. ಹಿರಿಯರ ಸಮಾಧಿಯನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂದು ನಾನು ಕೇಳಿದ್ದಕ್ಕೆ, ಊರ ಸ್ಮಶಾನಕ್ಕೇ ಕರೆದುಕೊಂಡು ಹೋದರು. ಬೇಸಿಗೆಯಲ್ಲಿ ಒಂದು ದಿನ ಮನೆಯವರೆಲ್ಲ ಎಲ್ಲೆಲ್ಲಿಂದಲೋ ಬಂದು ಅಲ್ಲಿ ಸೇರುತ್ತಾರಂತೆ. ಸಮಾಧಿ ಸುತ್ತ ಮರಳಿನ ಮೇಲೆ ಕುಂಟೆ ಎಳೆದ ಗೆರೆಗಳು, ಒಂದು ಹುಲ್ಲುಕಡ್ಡಿ ಇಲ್ಲ.

ಹೋಗುವವರಿಗೆ: ಇಲ್ಲಿಂದ ನೇರ ವಿಮಾನ ಇಲ್ಲ, ಎಲ್ಲಾದರೂ ಬದಲಿಸಬೇಕು. ಷೆಂಗೆನ್ ವೀಸಾ ಬೇಕು. 2014ರಿಂದ ಯೂರೊ ನಡೆಯುತ್ತದೆ. ಜೂನ್‌ನಲ್ಲೂ ಸ್ವೆಟರು, ಮಳೆಯ ಕೋಟು ಬಿಡಬೇಡಿ, ಹಬ್ಬದ ರಾತ್ರಿ ಮಡಿಕೇರಿಯ ಡಿಸೆಂಬರಿನ ಚಳಿ ಇತ್ತು. ಡಿಸೆಂಬರಿನಲ್ಲಿ ಹೋದರೆ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು, ಹಳ್ಳಿಯ ದಿನ ಆಗ ಬೇಡ. ಜೂನ್ 23 ಮತ್ತು 24 ಸರ್ಕಾರಿ ರಜೆ, ರೀಗಾದಲ್ಲಿ ಹಲವು ಅಂಗಡಿಗಳು ಬಾಗಿಲು ಹಾಕಿರುತ್ತವೆ, ಬೇಕಾದ್ದನ್ನು ಹಿಂದಿನ ದಿನವೇ ಕೊಂಡಿಡಿ. ಹಬ್ಬಕ್ಕೇ ಹೋಗಬೇಕು ಎಂದಿದ್ದರೆ ಅಲ್ಲಿ ಓದುತ್ತಿರುವ ನಮ್ಮ ಮಕ್ಕಳ ಮೂಲಕ ಮಾರ್ಚ್‌ನೊಳಗೆ ಇಂಥವರೊಬ್ಬರನ್ನು ಕೇಳಿಡಿ. ಆ ವಾರ ಅವರಿಗೂ ಮನೆ ತುಂಬ ನೆಂಟರು, ಮೇ ತಿಂಗಳಲ್ಲಿ ಕೇಳಿದರೆ ಆಗುವುದಿಲ್ಲ ಎಂದೇ ಹೇಳುತ್ತಾರೆ.